ಒಂದು ಬಕೆಟ್ಟು ಕುದಿಯಿತು, ಇನ್ನೊಂದು ಬೆವರಿತು: ಸುಣ್ಣ ಮತ್ತು ಯೂರಿಯಾದ ಶಾಖದ ಲೆಕ್ಕ ತಿಳಿಸುವಿರಾ?

ಪ್ರಶ್ನೆ: ಪಾಂಡವಪುರದ ರೈತ

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿಯವರೆಗೆ ವಿಜ್ಞಾನ ಓದಿ ಆಮೇಲೆ ಗದ್ದೆಗೆ ಇಳಿದವನು. ಓದಿದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಹತ್ತನೆಯ ತರಗತಿಯಲ್ಲಿರುವ ಮಗಳಿಗೆ ಮನೆಯಲ್ಲಿ ಪಾಠ ಹೇಳಿಕೊಡಲು ಹೋಗಿ ತಪ್ಪನ್ನೇ ಕಲಿಸಿಬಿಟ್ಟೆನೇನೋ ಎಂಬ ಅನುಮಾನ ಬಂದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಎಂಟು ದಿನ ಇರುವಾಗ ಕೊಟ್ಟಿಗೆಯ ಗೋಡೆಗೆ ಬಳಿಯಲೆಂದು 3 ಕೆಜಿ ಸುಟ್ಟ ಸುಣ್ಣದ ಕಲ್ಲು ತಂದೆ. ನಮ್ಮ ಅವ್ವ ಇದ್ದಾಗ ಸುಣ್ಣ ಅರಳಿಸುವುದಕ್ಕೆಂದೇ ಒಂದು ಹಳೆಯ ಮಡಕೆಯನ್ನು ಹಿತ್ತಿಲಲ್ಲಿ ಇಟ್ಟಿರುತ್ತಿದ್ದರು. ನಾನು ಅದನ್ನು ಹುಡುಕುವ ಗೋಜಿಗೆ ಹೋಗದೆ ಕೈಗೆ ಸಿಕ್ಕ ಪ್ಲಾಸ್ಟಿಕ್ ಬಕೆಟ್ಟಿಗೆ ಕಲ್ಲು ಸುರಿದು ಮೇಲಿನಿಂದ ನೀರು ಹೊಯ್ದೆ. ಒಂದೆರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಲ್ಲುಗಳು ಒಂದೊಂದಾಗಿ ಬಿರಿದು ಪುಡಿಯಾಗುತ್ತ, ಬಕೆಟ್ಟಿನಲ್ಲಿದ್ದುದೆಲ್ಲ ಕೊತಕೊತನೆ ಕುದಿಯತೊಡಗಿತು. ಬಿಳಿ ಹಬೆ ಎದ್ದಿತು. ಬಕೆಟ್ಟಿನ ತಳ ಮೆತ್ತಗಾಗಿ ಒಂದು ಮಗ್ಗುಲಿಗೆ ಜೋತುಬಿತ್ತು. ಕೊನೆಗೆ ಬಕೆಟ್ಟೂ ಹೋಯಿತು, ಅರ್ಧ ಸುಣ್ಣವೂ ಅಂಗಳದ ಪಾಲಾಯಿತು.

ಅದೇ ವಾರ ಕಬ್ಬಿಗೆ ಸಿಂಪಡಿಸಲು ಯೂರಿಯಾ ಕರಗಿಸುತ್ತಿದ್ದೆ. 200 ಲೀಟರಿನ ಡ್ರಮ್ಮಿಗೆ ಬೆರೆಸುವ ಮೊದಲು 4 ಕೆಜಿ ಯೂರಿಯಾವನ್ನು 10 ಲೀಟರ್ ನೀರಿನಲ್ಲಿ ಕದಡಿಕೊಳ್ಳುವುದು ನನ್ನ ರೂಢಿ. ಆ ಬಕೆಟ್ಟಿನೊಳಗೆ ಕೈ ಅದ್ದಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಹೊರಮೈಯಲ್ಲಿ ಐಸ್ ನೀರಿನ ಲೋಟದ ಮೇಲೆ ಕೂರುವಂತೆ ಹನಿಗಳು ಕೂತಿದ್ದವು. ಜೊತೆಗಿದ್ದ ಮಗಳು, "ಅಪ್ಪ, ಎರಡೂ ಬಿಳಿ, ಎರಡನ್ನೂ ನೀರಿಗೇ ಹಾಕಿದ್ದು. ಅದು ಯಾಕೆ ಕುದಿಯಿತು, ಇದು ಯಾಕೆ ತಣ್ಣಗಾಯಿತು?" ಎಂದು ಕೇಳಿದಳು. ಬಂಧಗಳು ಮುರಿದಾಗ ಅವುಗಳೊಳಗೆ ಅಡಗಿದ್ದ ಶಕ್ತಿ ಬಿಸಿಯಾಗಿ ಹೊರಬರುತ್ತದೆ, ಸುಣ್ಣದಲ್ಲಿ ಹಾಗಾಯಿತು ಎಂದು ಹೇಳಿದೆ. ಯೂರಿಯಾದ ವಿಚಾರಕ್ಕೆ ಏನೋ ಒಂದು ಹಾರಿಕೆಯ ಮಾತು ಹೇಳಿ ನುಣುಚಿಕೊಂಡೆ. ಅವಳು ಕಿರುಪರೀಕ್ಷೆಯಲ್ಲಿ ಅದೇ ವಾಕ್ಯವನ್ನು ಬರೆದು ಬಂದಳು. ಪಕ್ಕದಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು, ಕಾರಣ ಬರೆದಿರಲಿಲ್ಲ.

ಬಹಿರುಷ್ಣಕ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ, ಅಂತರುಷ್ಣಕ ಕ್ರಿಯೆಯಲ್ಲಿ ಶಾಖ ಒಳಗೆ ಹೋಗುತ್ತದೆ ಎಂಬ ವ್ಯಾಖ್ಯೆ ನನಗೂ ಬಾಯಿಪಾಠ. ನನಗೆ ಬೇಕಾಗಿರುವುದು ಅದರ ಹಿಂದಿನ ಮಾತು. ಬೆಂಕಿಯನ್ನೇ ಹಚ್ಚದ ಸುಣ್ಣದಲ್ಲಿ ಆ ಬಿಸಿ ಅಲ್ಲಿಯವರೆಗೆ ಎಲ್ಲಿತ್ತು? ಬಂಧ ಮುರಿದರೆ ಶಕ್ತಿ ಬರುವುದಿಲ್ಲವೆನ್ನುವುದಾದರೆ ಸೌದೆ ಉರಿದಾಗ ಬರುವುದು ಏನು? ಬಿಸಿ ಕೇಳುವ ಕ್ರಿಯೆ, ಯಾರೂ ಬಿಸಿ ಕೊಡದಿದ್ದರೂ ತಾನಾಗಿಯೇ ನಡೆಯುವುದು ಹೇಗೆ?

ಉತ್ತರ: ನಿವೃತ್ತ ಮೇಷ್ಟ್ರು, ಸರಸ್ವತಿಪುರಂ

ಅಡ್ಡಗೆರೆ ಎಳೆದ ಅಧ್ಯಾಪಕರು ಸರಿಯಾಗಿಯೇ ಎಳೆದಿದ್ದಾರೆ, ಆದರೆ ಕಾರಣ ಬರೆಯದಿದ್ದುದು ಸರಿಯಲ್ಲ. ನೀವು ಹೇಳಿಕೊಟ್ಟ ತಪ್ಪು ನಿಮ್ಮೊಬ್ಬರದ್ದೂ ಅಲ್ಲ. ಮೂವತ್ತು ವರ್ಷ ಮೈಸೂರಿನಲ್ಲಿ ಪಾಠ ಮಾಡಿದ ನಾನು, ಪ್ರತಿ ವರ್ಷವೂ ಅರ್ಧ ತರಗತಿ ಇದೇ ವಾಕ್ಯವನ್ನು ಬರೆಯುವುದನ್ನು ಕಂಡಿದ್ದೇನೆ.

ಮೊದಲು ನಿಮ್ಮ ಸುಣ್ಣವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ. ನೀವು ತಂದ ಕಲ್ಲು ನೆಲದಿಂದ ಅಗೆದು ತೆಗೆದ ರೂಪದಲ್ಲಿ ಇರಲಿಲ್ಲ. ನೆಲದಲ್ಲಿ ಸಿಗುವುದು ಸುಣ್ಣದಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. 100 ಗ್ರಾಂ ಸುಣ್ಣದಕಲ್ಲಿನಿಂದ 56 ಗ್ರಾಂ ಸುಟ್ಟ ಸುಣ್ಣವೂ 44 ಗ್ರಾಂ ಅನಿಲವೂ ಬರುತ್ತವೆ. ಇಷ್ಟು ನಡೆಯಲು 178 ಕಿಲೋಜೂಲ್ ಶಾಖ ಒಳಗೆ ಹೋಗಬೇಕು. ಇದು ಅಪ್ಪಟ ಅಂತರುಷ್ಣಕ ಕ್ರಿಯೆ. ಗೂಡಿನ ಬೆಂಕಿ ನಂದಿದರೆ ಸುಣ್ಣ ಅಲ್ಲಿಗೇ ಅರೆಬರೆಯಾಗಿ ನಿಲ್ಲುವುದು ಇದರಿಂದಲೇ.

ಆ 56 ಗ್ರಾಂ ಸುಟ್ಟ ಸುಣ್ಣವನ್ನು ನೀವು 18 ಗ್ರಾಂ ನೀರಿನೊಂದಿಗೆ ಸೇರಿಸಿದಿರಿ. ಅದು 74 ಗ್ರಾಂ ಅರಳಿದ ಸುಣ್ಣವಾಯಿತು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಈ ಹಂತದಲ್ಲಿ ಹೊರಬರುವ ಶಾಖ 65 ಕಿಲೋಜೂಲ್. ನಿಮ್ಮ ಬಕೆಟ್ಟು ಕಂಡದ್ದು ಇದನ್ನು. ಇನ್ನು ಗೋಡೆಗೆ ಬಳಿದ ಮೇಲೆ ಆ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಲ್ಲಿ ಹೊರಬೀಳುವುದು 113 ಕಿಲೋಜೂಲ್. ಹಲವು ದಿನ, ವಾರಗಳ ಕಾಲ ಹನಿಹನಿಯಾಗಿ ಬರುವುದರಿಂದ ಗೋಡೆ ಮುಟ್ಟಿದರೆ ನಿಮಗೆ ಬಿಸಿ ಗೊತ್ತಾಗುವುದಿಲ್ಲ, ಅಷ್ಟೇ.

ಈಗ 65ಕ್ಕೆ 113 ಕೂಡಿಸಿ ನೋಡಿ. 178 ಬರುತ್ತದೆ. ಗೂಡಿನಲ್ಲಿ ಒಳಗೆ ಹೋದದ್ದು ಎಷ್ಟೋ ಅಷ್ಟೂ, ಸ್ವಲ್ಪ ಬಕೆಟ್ಟಿನಲ್ಲಿ, ಉಳಿದದ್ದು ಗೋಡೆಯ ಮೇಲೆ, ಹೊರಗೆ ಬಂದಿದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹಳ ಸರಳವಾದದ್ದು: ನಿಮ್ಮ ಬಕೆಟ್ಟನ್ನು ಮೆತ್ತಗೆ ಮಾಡಿದ್ದು ಗೂಡಿನಲ್ಲಿ ಉರಿದ ಸೌದೆ ಅಥವಾ ಕಲ್ಲಿದ್ದಲಿನ ಕಾವು. ಬೆಂಕಿಯಿಲ್ಲದೆ ಬಿಸಿ ಬಂದಿತು ಎನ್ನುವುದು ನಮ್ಮ ಕಣ್ಣಿಗೆ ಮಾತ್ರ. ಬೆಂಕಿ ಬೇರೆ ಊರಿನಲ್ಲಿ, ಬೇರೆ ದಿನ ಉರಿದಿತ್ತು. ಹೊರಟ ಜಾಗ ಮತ್ತು ತಲುಪಿದ ಜಾಗ ಒಂದೇ ಆಗಿದ್ದರೆ ನಡುವೆ ಎಷ್ಟು ಹಂತಗಳಿದ್ದರೂ ಶಾಖದ ಒಟ್ಟು ಮೊತ್ತ ಬದಲಾಗದು ಎಂಬ ಈ ನಿಯಮವನ್ನು 1840ರಲ್ಲಿ ಹೇಳಿದವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡುತ್ತಿದ್ದ ಜರ್ಮೇನ್ ಹೆಸ್.

ನಿಮ್ಮ 3 ಕೆಜಿಗೆ ಲೆಕ್ಕ ಹಾಕಿದರೆ, ಕಲ್ಲು ಚೆನ್ನಾಗಿ ಬೆಂದದ್ದಾಗಿದ್ದಲ್ಲಿ, ಸುಮಾರು 3,480 ಕಿಲೋಜೂಲ್ ಆಗುತ್ತದೆ. 1 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 314 ಕಿಲೋಜೂಲ್. ಶಾಖವೆಲ್ಲ ನೀರಿಗೇ ಸೇರುವುದಾದರೆ 11 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ತಳದಲ್ಲಿ ಕಲ್ಲು ಒತ್ತಾಗಿದ್ದು ನೀರು ಕಡಿಮೆಯಿದ್ದಲ್ಲಿ ಕಾವು 100 ಡಿಗ್ರಿಯನ್ನೂ ದಾಟುತ್ತದೆ. ನಿಮ್ಮ ಅವ್ವನ ಮಡಕೆ ಸುಮ್ಮನೆ ಇರಲಿಲ್ಲ.

ಎರಡನೆಯ ಪ್ರಶ್ನೆಗೆ ಬಾವಿಯನ್ನು ನೆನೆಸಿಕೊಳ್ಳಿ. ಎರಡು ಪರಮಾಣುಗಳು ಒಂದನ್ನೊಂದು ಸೆಳೆದು ಬಂಧವಾಗಿ ಕೂರುವುದೆಂದರೆ ಬಿಂದಿಗೆ ಬಾವಿಯ ತಳಕ್ಕೆ ಇಳಿದಂತೆ. ಅವುಗಳನ್ನು ಬಿಡಿಸುವುದೆಂದರೆ ಬಿಂದಿಗೆಯನ್ನು ರಾಟೆಯಿಂದ ಮೇಲಕ್ಕೆ ಸೇದಿದಂತೆ. ಸೇದುವುದಕ್ಕೆ ಯಾವಾಗಲೂ ರಟ್ಟೆಯ ಬಲ ಬೇಕು. ಸೇದಿದಾಗ ಬಾವಿಯೇ ನಿಮಗೆ ಬಲ ಕೊಟ್ಟಿತು ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಬಂಧ ಮುರಿಯಲು ಯಾವಾಗಲೂ ಶಕ್ತಿ ಒಳಗೆ ಹೋಗಬೇಕು, ಬಂಧ ಕೂಡುವಾಗ ಯಾವಾಗಲೂ ಶಕ್ತಿ ಹೊರಗೆ ಬರುತ್ತದೆ. ಇದಕ್ಕೆ ಅಪವಾದವಿಲ್ಲ. ಪ್ರತಿ ರಾಸಾಯನಿಕ ಕ್ರಿಯೆಯಲ್ಲೂ ಎರಡೂ ನಡೆಯುತ್ತವೆ: ಬಿಂದಿಗೆಯನ್ನು ಒಂದು ಬಾವಿಯಿಂದ ಸೇದಿ ಇನ್ನೊಂದಕ್ಕೆ ಇಳಿಬಿಡುತ್ತೇವೆ. ಹೊಸ ಬಾವಿ ಹೆಚ್ಚು ಆಳವಾಗಿದ್ದರೆ ಒಟ್ಟಿನಲ್ಲಿ ಲಾಭ, ಅದು ಬಹಿರುಷ್ಣಕ. ಹೊಸ ಬಾವಿಯ ಆಳ ಕಡಿಮೆಯಾದರೆ ನಷ್ಟ, ಅದು ಅಂತರುಷ್ಣಕ. ಸೌದೆ ಉರಿಯಲು ಮೊದಲು ಕಡ್ಡಿ ಗೀರಿ ಹೊತ್ತಿಸಬೇಕಾಗುವುದೂ ಇದರಿಂದಲೇ. ಮೊದಲ ಬಿಂದಿಗೆಯನ್ನು ಕಟ್ಟೆಯವರೆಗೆ ಎತ್ತಲು ಒಂದಿಷ್ಟು ಶಕ್ತಿ ಹೊರಗಿನಿಂದ ಬರಲೇಬೇಕು. ಆಮೇಲೆ ಒಂದು ಬಿಂದಿಗೆ ಇಳಿದ ರಭಸವೇ ಮುಂದಿನದನ್ನು ಎತ್ತುತ್ತದೆ.

ಯೂರಿಯಾದ ವಿಚಾರವನ್ನು ಈಗಿನ ವಿದ್ಯಾರ್ಥಿಗಳು ಯಾರಾದರೂ ಬರೆಯಲಿ ಎಂದು ಬಿಟ್ಟಿದ್ದೇನೆ.

ಉತ್ತರ: ಆಲೆಮನೆಯವ, ಮದ್ದೂರು

ಮೇಷ್ಟ್ರ ಬಾವಿಯ ಮಾತು ಓದಿ ನಮ್ಮ ಆಲೆಮನೆಯ ಒಂದು ವಿಷಯ ಹೊಳೆಯಿತು. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ನಾವು ಹಾಗೆಯೇ ಒಲೆಗೆ ತುಂಬುವುದಿಲ್ಲ. ಅಂಗಳದಲ್ಲಿ ಹರವಿ, ಬಿಸಿಲಿಗೆ ಒಣಗಿಸಿ, ಆಮೇಲೆ ಉರಿಗೆ ಹಾಕುತ್ತೇವೆ. ಮಳೆ ಬಂದು ಸಿಪ್ಪೆ ನೆನೆದರೆ ಕೊಪ್ಪರಿಗೆಯ ಪಾಕ ಹದಕ್ಕೆ ಬರಲು ಎಷ್ಟು ಹೊತ್ತಾದರೂ ಸಾಲದು. ಹೊಗೆ ಹೆಚ್ಚು, ಕಾವು ಕಡಿಮೆ.

ಇದರ ಲೆಕ್ಕವನ್ನು ಇಂಜಿನಿಯರಿಂಗ್ ಓದಿದ ನಮ್ಮ ಅಳಿಯ ಒಮ್ಮೆ ಹಾಕಿಕೊಟ್ಟಿದ್ದ. ಪೂರ್ತಿ ಒಣಗಿದ 1 ಕೆಜಿ ಸಿಪ್ಪೆ ಉರಿದರೆ ಸುಮಾರು 17,000 ಕಿಲೋಜೂಲ್ ಸಿಗುತ್ತದೆ. ಗಾಣದಿಂದ ಆಗತಾನೆ ಬಂದ ಸಿಪ್ಪೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಹಾಗಾಗಿ ಅದರ 1 ಕೆಜಿಯಲ್ಲಿ ಉರಿಯುವ ಭಾಗ ಅರ್ಧ ಕೆಜಿ ಮಾತ್ರ. ಅದು ಕೊಡುವ 8,500 ಕಿಲೋಜೂಲಿನಲ್ಲೂ 1,200ರಷ್ಟು ಆ ಅರ್ಧ ಲೀಟರ್ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಜೊತೆಗೆ ಉರಿಯ ಕಾವೇ ಇಳಿದುಹೋಗುವುದರಿಂದ ಸಿಪ್ಪೆ ಸರಿಯಾಗಿ ಉರಿಯದೆ ಹೊಗೆಯಾಗಿ ಹೋಗುವ ಪಾಲು ಬೇರೆ. ಒಂದೇ ಒಲೆಯಲ್ಲಿ ಶಾಖ ಬಿಡುವ ಕೆಲಸವೂ ಶಾಖ ನುಂಗುವ ಕೆಲಸವೂ ಒಟ್ಟಿಗೆ ನಡೆಯುತ್ತವೆ ಎನ್ನುವುದಕ್ಕೆ ಇದು ಉದಾಹರಣೆಯಾಗಬಹುದೇ? ನೀರು ಆವಿಯಾಗುವುದು ರಾಸಾಯನಿಕ ಕ್ರಿಯೆಯಲ್ಲ ಎಂದು ಗೊತ್ತಿದೆ.

ಪಾಂಡವಪುರದ ರೈತ:

ಮೇಷ್ಟ್ರೇ, ಬಾವಿಯ ಲೆಕ್ಕ ಮಗಳಿಗೂ ತಲೆಗೆ ಹೋಯಿತು. ಆದರೆ ಕೂಡಲೇ ಇನ್ನೊಂದು ಪ್ರಶ್ನೆ ಹಾಕಿದ್ದಾಳೆ. "ಹಾಗಾದರೆ ಸಕ್ಕರೆಯಲ್ಲಿ ಶಕ್ತಿ ಇದೆ, ಸೌದೆಯಲ್ಲಿ ಶಕ್ತಿ ಇದೆ ಎಂದು ಪುಸ್ತಕದಲ್ಲಿ ಬರೆದಿರುವುದು ಸುಳ್ಳೇ? ಬಂಧದಲ್ಲಿ ಶಕ್ತಿ ಇಲ್ಲದಿದ್ದರೆ ಸಕ್ಕರೆಯಲ್ಲಿ ಅದು ಎಲ್ಲಿ ಕೂತಿರುತ್ತದೆ?" ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ: ರಸಾಯನಶಾಸ್ತ್ರದ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ನಿಮ್ಮ ಮಗಳ ಪ್ರಶ್ನೆ ತುಂಬಾ ಒಳ್ಳೆಯದು, ನಾನು ಎಂ.ಎಸ್ಸಿ.ಗೆ ಬರುವವರೆಗೆ ಇದನ್ನು ಕೇಳಿಕೊಂಡಿರಲಿಲ್ಲ. ಮೊದಲು ಒಂದು ಸಣ್ಣ ಲೆಕ್ಕ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್. ಅದರ 1 ಮೋಲ್, ಅಂದರೆ 16 ಗ್ರಾಂ, ಉರಿಯಬೇಕಾದರೆ ನಾಲ್ಕು ಕಾರ್ಬನ್–ಹೈಡ್ರೋಜನ್ ಬಂಧಗಳನ್ನೂ ಆಕ್ಸಿಜನ್ನಿನ ಎರಡು ಅಣುಗಳನ್ನೂ ಬಿಡಿಸಬೇಕು. ಸರಾಸರಿ ಬಂಧಶಕ್ತಿಗಳನ್ನು ಕ್ರಮವಾಗಿ 413 ಮತ್ತು 498 ಕಿಲೋಜೂಲ್ ಎಂದು ಇಟ್ಟುಕೊಂಡರೆ ಒಳಗೆ ಹೋಗುವುದು 2,648. ಹೊಸದಾಗಿ ಕೂಡುವುದು ಕಾರ್ಬನ್ ಡೈಆಕ್ಸೈಡಿನ ಎರಡು ಬಂಧಗಳು, ಒಂದೊಂದಕ್ಕೆ 799, ಮತ್ತು ನೀರಿನ ನಾಲ್ಕು ಬಂಧಗಳು, ಒಂದೊಂದಕ್ಕೆ 463. ಒಟ್ಟು ಹೊರಗೆ ಬರುವುದು 3,450. ವ್ಯತ್ಯಾಸವಾದ 802 ಕಿಲೋಜೂಲ್ ನಮ್ಮ ಒಲೆಗೆ ಸಿಗುವ ಶಾಖ. ಸಾವಿರಾರು ಕಿಲೋಜೂಲಿನ ಕೊಡುಕೊಳ್ಳುವಿಕೆಯಲ್ಲಿ ಉಳಿದ ಶೇಷ ಅದು.

ಈಗ ಆಕ್ಸಿಜನ್ನಿನ ಕಡೆ ನೋಡಿ. ಎರಡೆರಡು ಎಳೆಗಳಿರುವ ಬಂಧವಾದರೂ ಅದರ ಬಲ 498 ಮಾತ್ರ. ಕಾರ್ಬನ್ ಡೈಆಕ್ಸೈಡಿನ ದ್ವಿಬಂಧದ 799ರ ಪಕ್ಕದಲ್ಲಿ ಅದು ಆಳವಿಲ್ಲದ ಬಾವಿ. ಬೇರೆ ಬೇರೆ ಇಂಧನಗಳನ್ನು ಸುಟ್ಟಾಗ ಬರುವ ಶಾಖವನ್ನು, ಬಳಕೆಯಾದ ಆಕ್ಸಿಜನ್ನಿನ ಮೋಲುಗಳಿಂದ ಭಾಗಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಮೀಥೇನಿಗೆ 445, ಅಡುಗೆ ಅನಿಲದಲ್ಲಿರುವ ಪ್ರೋಪೇನಿಗೆ 444, ಗ್ಲೂಕೋಸಿಗೆ 467, ಸಕ್ಕರೆಗೆ 470 ಕಿಲೋಜೂಲ್. (ಇಲ್ಲಿ ಹುಟ್ಟುವ ನೀರು ದ್ರವರೂಪಕ್ಕೆ ಬಂದಿತೆಂದು ಎಣಿಸಿರುವುದರಿಂದ ಮೀಥೇನಿನ ಒಟ್ಟು 802ರ ಬದಲು 890 ಆಗುತ್ತದೆ.) ಇಂಧನ ಯಾವುದೇ ಇರಲಿ, ಸಂಖ್ಯೆಗಳು ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ಸಕ್ಕರೆಯಲ್ಲಿ ಶಕ್ತಿ ಇದೆ ಎನ್ನುವುದು ಸುಳ್ಳಲ್ಲ, ಅರ್ಧ ಮಾತು. ಶಕ್ತಿ ಇರುವುದು ಸಕ್ಕರೆ ಮತ್ತು ಆಕ್ಸಿಜನ್ ಎಂಬ ಜೋಡಿಯಲ್ಲಿ; ಆಕ್ಸಿಜನ್ ಇಲ್ಲದ ಲೋಕದಲ್ಲಿ ಸಕ್ಕರೆಯ ಮೂಟೆಯನ್ನು ಹೀಗೆ ಉರಿಸಲು ಆಗದು.

ಆ ಜೋಡಿಯನ್ನು ಒಟ್ಟು ಮಾಡಿಟ್ಟವರು ಯಾರು? ನಿಮ್ಮ ಕಬ್ಬಿನ ಗದ್ದೆಯ ಎಲೆಗಳು. ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಎಂಬ ಆಳದ ಬಾವಿಗಳಿಂದ ಪರಮಾಣುಗಳನ್ನು ಸೇದಿ, ಅತ್ತ ಸಕ್ಕರೆಯಾಗಿ, ಇತ್ತ ಆಕ್ಸಿಜನ್ ಆಗಿ ಇಡುವ ದ್ಯುತಿಸಂಶ್ಲೇಷಣೆ ಅಂತರುಷ್ಣಕ ಕ್ರಿಯೆ. 180 ಗ್ರಾಂ ಗ್ಲೂಕೋಸಿಗೆ ಸುಮಾರು 2,800 ಕಿಲೋಜೂಲನ್ನು ಬಿಸಿಲು ಕೊಡುತ್ತದೆ. ಮಂಡ್ಯದ ಸಕ್ಕರೆಯನ್ನು ನಾವು ತಿಂದಾಗ ಗ್ರಾಮಿಗೆ ಸುಮಾರು 16.5 ಕಿಲೋಜೂಲ್, ಹಳೆಯ ಲೆಕ್ಕದಲ್ಲಿ ಸುಮಾರು 4 ಕಿಲೋಕ್ಯಾಲರಿ, ವಾಪಸು ಬರುತ್ತದೆ. ಗೂಡು ಮತ್ತು ಸುಣ್ಣದ ಕಥೆಯೇ ಇಲ್ಲಿಯೂ ನಡೆಯುತ್ತಿದೆ. ಗೂಡಿನ ಜಾಗದಲ್ಲಿ ಸೂರ್ಯ ಇದ್ದಾನೆ.

ಇನ್ನು ಯೂರಿಯಾ. ಇಲ್ಲಿ ಒಂದು ಎಚ್ಚರಿಕೆ ಬೇಕು. ಯೂರಿಯಾ ನೀರಿನಲ್ಲಿ ಕರಗಿದಾಗ ಅದರ ಅಣು ಒಡೆಯುವುದಿಲ್ಲ, ಹೊಸ ವಸ್ತುವೂ ಹುಟ್ಟುವುದಿಲ್ಲ. ನೀರನ್ನು ಇಂಗಿಸಿದರೆ ಯೂರಿಯಾವೇ ಉಳಿಯುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಅಂತರುಷ್ಣಕ ರಾಸಾಯನಿಕ ಕ್ರಿಯೆಗೆ ಇದನ್ನು ಉದಾಹರಣೆಯಾಗಿ ಬರೆಯದಿರುವುದು ಒಳ್ಳೆಯದು. ಸುಣ್ಣದಕಲ್ಲಿನ ವಿಭಜನೆಯನ್ನೋ, ಪಠ್ಯದಲ್ಲಿರುವ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್ ಪ್ರಯೋಗವನ್ನೋ ಬರೆಯಬಹುದು. ಆದರೆ ಶಾಖದ ತರ್ಕ ಎರಡಕ್ಕೂ ಒಂದೇ. ಯೂರಿಯಾದ ಹರಳಿನಲ್ಲಿ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಹೋದ ಶಕ್ತಿ, ಅವು ನೀರಿನೊಂದಿಗೆ ಹೊಸದಾಗಿ ಕೂಡಿಕೊಂಡಾಗ ಪೂರ್ತಿಯಾಗಿ ಮರಳಿ ಬರುವುದಿಲ್ಲ. ಕೊರತೆ ಬೀಳುವುದು ಗ್ರಾಮಿಗೆ ಸುಮಾರು ಕಾಲು ಕಿಲೋಜೂಲ್. ನಿಮ್ಮ 4 ಕೆಜಿಗೆ ಅದು 1,000 ಕಿಲೋಜೂಲ್ ಆಯಿತು. ಆ ಕೊರತೆಯನ್ನು ತುಂಬಿದ್ದು ಬಕೆಟ್ಟಿನ ನೀರು ತನ್ನ ಕಾವನ್ನು ಕೊಟ್ಟು. ನೀರು ತಣ್ಣಗಾದದ್ದರಿಂದ ಸುತ್ತಲ ಗಾಳಿಯ ತೇವ ಹೊರಮೈಯಲ್ಲಿ ಹನಿಗಟ್ಟಿತು.

ಯಾರೂ ಬಿಸಿ ಕೊಡಲಿಲ್ಲ ಎಂದಿರಿ. ನೀರೇ ಕೊಟ್ಟಿತು, ನಿಮ್ಮ ಬೆರಳೂ ಕೊಟ್ಟಿತು. ಆದರೂ ಅದು ತಾನಾಗಿ ಏಕೆ ನಡೆಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಬಹಿರುಷ್ಣಕ, ಅಂತರುಷ್ಣಕ ಎಂಬರ್ಥದ ಪದಗಳನ್ನು ಬಳಕೆಗೆ ತಂದ ಫ್ರಾನ್ಸಿನ ಮಾರ್ಸೆಲಿನ್ ಬರ್ಥೆಲೊ ಅವರೇ, ತಾನಾಗಿ ನಡೆಯುವ ಕ್ರಿಯೆಗಳು ಶಾಖ ಬಿಡುವ ದಿಕ್ಕಿನಲ್ಲೇ ನಡೆಯುತ್ತವೆ ಎಂದು ನಂಬಿದ್ದರು. ಯೂರಿಯಾದ ಬಕೆಟ್ಟು ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಶಾಖ ಒಂದೇ ತೀರ್ಪುಗಾರನಲ್ಲ. ಅಣುಗಳು ಎಷ್ಟು ಬಗೆಯಲ್ಲಿ ಹರಡಿಕೊಳ್ಳಬಹುದು ಎಂಬುದನ್ನು ಅಳೆಯುವ ಎಂಟ್ರೋಪಿಯೂ ಲೆಕ್ಕಕ್ಕೆ ಬರುತ್ತದೆ. ಹರಳಿನಲ್ಲಿ ಸಾಲಾಗಿ ಕೂತಿದ್ದ ಅಣುಗಳು ನೀರಿನ ತುಂಬ ಚೆದುರಿಕೊಳ್ಳುವ ಅವಕಾಶ, ಶಾಖದ ನಷ್ಟಕ್ಕಿಂತ ಹೆಚ್ಚು ತೂಗುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕೀರ್ತಿ 1876ರಿಂದ 1878ರ ನಡುವೆ ತಮ್ಮ ದೊಡ್ಡ ಪ್ರಬಂಧವನ್ನು ಪ್ರಕಟಿಸಿದ ಅಮೆರಿಕದ ವಿಲಾರ್ಡ್ ಗಿಬ್ಸ್ ಅವರದು.

ಉತ್ತರ: ಕಟ್ಟಡದ ಕೆಲಸದವ, ಶ್ರೀರಂಗಪಟ್ಟಣ

ಮೇಷ್ಟ್ರ ಉತ್ತರಕ್ಕೆ ಒಂದು ತಿದ್ದುಪಡಿ, ತಿದ್ದುಪಡಿ ಎನ್ನುವುದಕ್ಕಿಂತ ಗಡಿ ಗುರುತು. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಮತ್ತೆ ಕಲ್ಲಾಗುತ್ತದೆ ಎಂಬುದು ತೆಳುವಾದ ಬಳಿತಕ್ಕೆ ನಿಜ. ಇದನ್ನು ಓದಿದವರು ಕನ್ನಂಬಾಡಿ ಕಟ್ಟೆಯೂ ಹಾಗೆಯೇ ಗಟ್ಟಿಯಾಯಿತು ಎಂದುಕೊಳ್ಳಬಾರದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರಕ್ಕೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣದ ಜೊತೆಗೆ ಸುಟ್ಟ ಇಟ್ಟಿಗೆಯ ಪುಡಿ. ಅಷ್ಟು ದಪ್ಪದ ಕಟ್ಟೆಯ ಒಳಗೆ ಗಾಳಿ ಹೋಗುವ ಮಾತೇ ಇಲ್ಲ. ಅಲ್ಲಿ ಸುಣ್ಣವು ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳ ಜೊತೆ ನೀರಿನ ಸಹಾಯದಿಂದ ಸೇರಿ ಬೇರೆಯದೇ ಗಟ್ಟಿ ವಸ್ತುವಾಗುತ್ತದೆ. ನೀರಿನೊಳಗೂ ಗಟ್ಟಿಯಾಗುವ ಗುಣ ಬರುವುದು ಅದರಿಂದಲೇ.

ಸಿಮೆಂಟಿಗೂ ಈ ಶಾಖದ ಲೆಕ್ಕ ಅನ್ವಯಿಸುತ್ತದೆ. ಸಿಮೆಂಟು ನೀರಿನೊಂದಿಗೆ ಸೇರುವುದು ಬಹಿರುಷ್ಣಕ ಕ್ರಿಯೆ. ಮನೆಯ ತಾರಸಿಯಲ್ಲಿ ಆ ಬಿಸಿ ಹಾಗೆಯೇ ಗಾಳಿಗೆ ಹೋಗುತ್ತದೆ, ಆದರೆ ಅಣೆಕಟ್ಟೆಯಂಥ ದೊಡ್ಡ ರಾಶಿಯಲ್ಲಿ ಒಳಗೇ ಉಳಿದು, ಒಳಭಾಗ ಹಿಗ್ಗಿ ಹೊರಭಾಗ ಕುಗ್ಗಿ ಬಿರುಕು ಬಿಡುತ್ತದೆ. ಅಮೆರಿಕದ ಹೂವರ್ ಅಣೆಕಟ್ಟೆಯ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹೂತು ತಣ್ಣೀರು ಹರಿಸಿದ್ದು ಇದೇ ಕಾರಣಕ್ಕೆ. ಇಟ್ಟಿಗೆ ಪುಡಿಯೋ ಹಾರುಬೂದಿಯೋ ಬೆರೆತ ಮಿಶ್ರಣ ನಿಧಾನವಾಗಿ ಗಟ್ಟಿಯಾಗುತ್ತದೆ, ಶಾಖವನ್ನೂ ನಿಧಾನವಾಗಿ ಬಿಡುತ್ತದೆ. ತಾರಸಿ ಹಾಕಿದ ಮರುದಿನ ಬೆಳಿಗ್ಗೆ ಅಂಗೈ ಇಟ್ಟು ನೋಡಿ, ಬೆಚ್ಚಗಿರುತ್ತದೆ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ:

ಶ್ರೀರಂಗಪಟ್ಟಣದವರ ಮಾತು ಸರಿ, ಒಪ್ಪಿದೆ. ಮದ್ದೂರಿನವರ ಉದಾಹರಣೆಯೂ ಒಳ್ಳೆಯದೇ. ರಾಸಾಯನಿಕ ಶಾಖವನ್ನು ಭೌತಿಕ ಬದಲಾವಣೆ ನುಂಗುವುದು ನಾವು ದಿನವೂ ಅಡುಗೆಮನೆಯಲ್ಲಿ ಕಾಣುವ ಸಂಗತಿ.

ರೈತರಿಗೆ ಎರಡು ಮಾತು. ಮುಂದಿನ ಸಲ ಸುಣ್ಣ ಅರಳಿಸುವಾಗ ಕಲ್ಲಿನ ಮೇಲೆ ನೀರು ಹೊಯ್ಯಬೇಡಿ. ಮಡಕೆಯಲ್ಲೋ ಕಬ್ಬಿಣದ ಡ್ರಮ್ಮಿನಲ್ಲೋ ಹೆಚ್ಚು ನೀರು ತುಂಬಿಟ್ಟು, ಕಲ್ಲನ್ನು ಒಂದೊಂದೇ ತುಂಡಾಗಿ ಅದರೊಳಗೆ ಬಿಡಿ. ಹಾಗೆ ಮಾಡಿದರೆ ಹುಟ್ಟಿದ ಶಾಖ ನೀರಿನ ರಾಶಿಗೆ ಹಂಚಿಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಮಕ್ಕಳನ್ನು ದೂರವಿಡಿ, ಕಣ್ಣಿಗೆ ಕನ್ನಡಕವಿರಲಿ. ಸುಣ್ಣದ ಹನಿ ಕಣ್ಣಿಗೆ ಸಿಡಿದರೆ ಉಜ್ಜದೆ, ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಸಿಯ ಗಾಯಕ್ಕಿಂತ ಕ್ಷಾರದ ಗಾಯ ಹೆಚ್ಚು ಕೆಟ್ಟದ್ದು.

ಇನ್ನು ಮಗಳಿಗೆ. ಪಠ್ಯದಲ್ಲಿರುವ ಬೇರಿಯಂ ಪ್ರಯೋಗವನ್ನು ಮನೆಯಲ್ಲಿ ಮಾಡಕೂಡದು, ಬೇರಿಯಂ ಹೈಡ್ರಾಕ್ಸೈಡ್ ವಿಷ. ಅದರ ಬದಲು ಅರ್ಧ ಲೋಟ ನಿಂಬೆರಸಕ್ಕೆ ಅಡುಗೆ ಸೋಡಾವನ್ನು ಚಮಚ ಚಮಚವಾಗಿ ಹಾಕಿ, ಥರ್ಮಾಮೀಟರ್ ಇಟ್ಟು ನೋಡಲಿ. ನೊರೆ ಉಕ್ಕುವುದನ್ನು ಕಂಡು ಎಲ್ಲರೂ ಬಿಸಿಯಾಗುತ್ತದೆ ಎಂದುಕೊಳ್ಳುತ್ತಾರೆ. ಪಾದರಸ ಕೆಳಗೆ ಇಳಿಯುತ್ತದೆ, ಕೆಲವೇ ಡಿಗ್ರಿಯಾದರೂ ಇಳಿಯುತ್ತದೆ. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಎಂಬ ಹೊಸ ವಸ್ತು ಹುಟ್ಟುವುದರಿಂದ ಪರೀಕ್ಷೆಯಲ್ಲೂ ಧೈರ್ಯವಾಗಿ ಬರೆಯಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ನಡೆಯದು, ಶಾಲೆಯ ಪ್ರಯೋಗಾಲಯದಿಂದ ಕೇಳಿ ತರಬೇಕು.

ಪಾಂಡವಪುರದ ರೈತ:

ಎಲ್ಲರಿಗೂ ಧನ್ಯವಾದಗಳು. ಶಾಲೆಯಿಂದ ಥರ್ಮಾಮೀಟರ್ ಸಿಕ್ಕಿತು. ನಿಂಬೆರಸ ಮೂರೂವರೆ ಡಿಗ್ರಿ ಇಳಿಯಿತು. ಮಗಳು ಅಷ್ಟಕ್ಕೆ ನಿಲ್ಲದೆ ಯೂರಿಯಾವನ್ನೂ ಅಳೆದಳು: 26 ಡಿಗ್ರಿಯಲ್ಲಿದ್ದ 1 ಲೀಟರ್ ನೀರಿಗೆ 200 ಗ್ರಾಂ ಹಾಕಿ ಕದಡಿದಾಗ 17ರವರೆಗೆ ಬಂದು ನಿಂತಿತು. ವಿದ್ಯಾರ್ಥಿನಿಯವರು ಕೊಟ್ಟ ಗ್ರಾಮಿಗೆ ಕಾಲು ಕಿಲೋಜೂಲಿನ ಲೆಕ್ಕದಂತೆ 15ರ ಹತ್ತಿರ ಇಳಿಯಬೇಕಿತ್ತು ಎಂದು ಅವಳ ವಾದ. ಸ್ಟೀಲ್ ಪಾತ್ರೆಯೂ ಸುತ್ತಲ ಗಾಳಿಯೂ ಅಷ್ಟರಲ್ಲಿ ತಮ್ಮ ಕಾವನ್ನು ಕೊಟ್ಟಿರಬೇಕು ಎಂದೆ. ನಾಳೆ ಥರ್ಮಾಸ್ ಫ್ಲಾಸ್ಕಿನಲ್ಲಿ ಮತ್ತೆ ಮಾಡುತ್ತಾಳಂತೆ. ಕಾಫಿಗೆ ಬೇರೆ ಫ್ಲಾಸ್ಕ್ ಕೊಳ್ಳಬೇಕು ಎಂದು ಮನೆಯವಳು ಈಗಾಗಲೇ ಹೇಳಿದ್ದಾಳೆ.

ಅವಳು ಕರಗಿಸಿದ್ದನ್ನು ಚೆಲ್ಲಲಿಲ್ಲ. ಅಷ್ಟು ಗಟ್ಟಿ ದ್ರಾವಣ ಎಲೆಯ ಮೇಲೆ ಬಿದ್ದರೆ ಸುಟ್ಟುಹೋಗುತ್ತದೆ ಎಂದು 10 ಲೀಟರ್ ಆಗುವಷ್ಟು ನೀರು ಸೇರಿಸಿ, ಎರಡು ಶೇಕಡಾಕ್ಕೆ ತಂದು, ಬದುವಿನ ಪಕ್ಕದ ಎರಡು ಸಾಲಿಗೆ ಸಿಂಪಡಿಸಿದೆ.